ಅಂಗಾಲಿನ ಮೆಲನೋಮಾ: ನನ್ನ ಚಿಕಿತ್ಸೆ ಮತ್ತು ಅದರ ನಂತರದ ಕೆಲಸ

ಕುಮಟಾದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ ನನ್ನ ಎಡ ಹಿಮ್ಮಡಿಯ ಅಡಿಯಲ್ಲಿದ್ದ ಕಪ್ಪು ಕಲೆ ಮೆಲನೋಮಾ ಎಂದು ತಿಳಿಯಿತು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಬಿಳಿ ಚರ್ಮದವರಲ್ಲಿ ಇದಕ್ಕೆ ಬಿಸಿಲಿನ ಅತಿನೇರಳೆ ಕಿರಣಗಳು ಮುಖ್ಯ ಕಾರಣ. ನಮ್ಮಂಥ ಕಂದು ಬಣ್ಣದವರಲ್ಲಿ ಇದು ಅಪರೂಪ, ಬಂದಾಗಲೂ ಬಿಸಿಲು ತಾಗದ ಅಂಗಾಲು, ಅಂಗೈ ಅಥವಾ ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಗದ್ದೆಯಲ್ಲಿ, ಅಡಕೆ ತೋಟದಲ್ಲಿ, ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ, ಮೀನು ಒಣಗಿಸುವ ದಂಡೆಯಲ್ಲಿ ಬರಿಗಾಲಿನಲ್ಲಿ ದುಡಿಯುವ ನಮ್ಮ ಜಿಲ್ಲೆಯ ಜನರು ಅಂಗಾಲಿನ ಕಲೆಯನ್ನು ಕಂಡರೆ ಮುರಿದ ಮುಳ್ಳು, ಆಣಿ, ಇಲ್ಲವೇ ಕಲ್ಲು ತಾಗಿ ಹೆಪ್ಪುಗಟ್ಟಿದ ರಕ್ತ ಎಂದೇ ತಿಳಿಯುತ್ತಾರೆ. ಅದರಿಂದ ರೋಗ ಗೊತ್ತಾಗುವುದು ತಡವಾಗುತ್ತದೆ.

ಕಲೆಯ ಅಂಗಾಂಶವನ್ನು ಕತ್ತರಿಸಿ ಪರೀಕ್ಷಿಸುವ ಬಯಾಪ್ಸಿಯ ವರದಿಯಲ್ಲಿ ನಾನು ಮೊದಲು ಓದಲು ಕಲಿತದ್ದು ಬ್ರೆಸ್ಲೋ ದಪ್ಪ ಎಂಬ ಅಂಕಿಯನ್ನು. ಗಡ್ಡೆ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂಬುದರ ಮೇಲೆ ರೋಗಿಯ ಮುಂದಿನ ಸ್ಥಿತಿ ಬಹುಮಟ್ಟಿಗೆ ನಿಂತಿದೆ ಎಂದು ಅಮೆರಿಕದ ಪೆಥಾಲಜಿಸ್ಟ್ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತೋರಿಸಿಕೊಟ್ಟರು. ಇಂದಿಗೂ ಶಸ್ತ್ರಚಿಕಿತ್ಸೆಯ ಅಳತೆ ನಿರ್ಧಾರವಾಗುವುದು ಅದರಿಂದಲೇ. ನನ್ನದು 1.4 ಮಿ.ಮೀ. ಇತ್ತು, ಮೇಲ್ಭಾಗ ಹುಣ್ಣಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಕಲೆಯ ಸುತ್ತಲಿನ 2 ಸೆಂ.ಮೀ. ಆರೋಗ್ಯವಂತ ಚರ್ಮವನ್ನೂ ಸೇರಿಸಿ ತೆಗೆದು, ತೊಡೆಯ ಚರ್ಮವನ್ನು ಅಲ್ಲಿಗೆ ಕಸಿ ಮಾಡಿದರು. ಅದೇ ವೇಳೆಯಲ್ಲಿ, ಕಾಲಿನಿಂದ ದುಗ್ಧರಸ ಮೊದಲು ಹೋಗಿ ಸೇರುವ ತೊಡೆಸಂದಿನ ಗ್ರಂಥಿಯನ್ನು ನೀಲಿ ಬಣ್ಣದ ದ್ರವ ಹಾಯಿಸಿ ಗುರುತಿಸಿ, ತೆಗೆದು ಪರೀಕ್ಷೆಗೆ ಕಳುಹಿಸಿದರು. ಅದರಲ್ಲಿ ಕ್ಯಾನ್ಸರ್ ಇರಲಿಲ್ಲವಾದ್ದರಿಂದ ಬೇರೆ ಔಷಧಿ ಬೇಕಾಗಲಿಲ್ಲ. ಹಿಮ್ಮಡಿ ಇಡೀ ದೇಹದ ಭಾರ ಹೊರುವ ಜಾಗವಾದ್ದರಿಂದ ಕಸಿ ಕೂಡಿಕೊಳ್ಳುವುದಕ್ಕೆ ಬಹಳ ಸಮಯ ಹಿಡಿಯಿತು, ಮತ್ತು ತರಗತಿಯಲ್ಲಿ ನಿಂತು ಪಾಠ ಮಾಡುವುದನ್ನು ನಾನು ಮತ್ತೆ ಸ್ವಲ್ಪ ಸ್ವಲ್ಪವಾಗಿಯೇ ಅಭ್ಯಾಸ ಮಾಡಿಕೊಳ್ಳಬೇಕಾಯಿತು.

ನಾನು ಶಾಲೆಗೆ ಮರಳಿದ ಮೇಲೆ ಜನರು ತಮ್ಮ ಕಲೆಗಳ ಬಗ್ಗೆ ತಾವಾಗಿಯೇ ಕೇಳಿಕೊಂಡು ಬರತೊಡಗಿದರು. ಮೊದಲು ಬಂದವರು ಉಪ್ಪಿನ ಆಗರದಲ್ಲಿ ಕೆಲಸ ಮಾಡುವ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ. "ಅಕ್ಕೋರೇ, ಕತ್ತಿ ತಾಗಿಸಿದರೆ ಮೈಯೆಲ್ಲ ಹರಡ್ತದಂತೆ, ಹೌದಾ?" ಎಂದು ಕೇಳಿದರು. ಈ ಭಯವನ್ನು ಅಂದಿನಿಂದ ಇಂದಿನವರೆಗೆ ನಾನು ಕೇಳದ ಮನೆಯಿಲ್ಲ. ನಾನು ಚಪ್ಪಲಿ ಕಳಚಿ ಅವರಿಗೆ ನನ್ನ ಹಿಮ್ಮಡಿಯನ್ನು ತೋರಿಸಿದೆ. ಅವರು ಕಸಿಯಾದ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿ, ನೋವಾಗುತ್ತದೆಯೇ ಎಂದು ವಿಚಾರಿಸಿ, ಆ ವಾರವೇ ಬಯಾಪ್ಸಿಗೆ ಒಪ್ಪಿದರು. ಕತ್ತರಿಸಿ ಪರೀಕ್ಷಿಸುವುದರಿಂದ ಮೆಲನೋಮಾ ಹರಡುವುದಿಲ್ಲ. ಬಿಟ್ಟರೆ ಆಳಕ್ಕೆ ಇಳಿಯುತ್ತದೆ. ಇದನ್ನು ವೈದ್ಯರೂ ಹೇಳುತ್ತಾರೆ, ಆದರೆ ಅದನ್ನು ಅನುಭವಿಸಿ ಎದುರಿಗೆ ನಡೆದಾಡುತ್ತಿರುವವರು ಹೇಳಿದಾಗ ಮನೆಯವರು ಬೇಗ ನಂಬುತ್ತಾರೆ ಎಂಬುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಕಲೆಯನ್ನು ನೋಡಿ ರೋಗ ಹೇಳುವುದು ನನ್ನ ಕೆಲಸವಲ್ಲ. ಎರಡು ಬದಿ ಒಂದೇ ರೀತಿಯಲ್ಲಿಲ್ಲದ, ಅಂಚು ಹರಿದಂತಿರುವ, ಒಂದಕ್ಕಿಂತ ಹೆಚ್ಚು ಬಣ್ಣವಿರುವ, ಬೆಳೆಯುತ್ತಿರುವ ಕಲೆಯನ್ನು ಚರ್ಮರೋಗ ತಜ್ಞರಿಗೆ ತೋರಿಸಿ ಎನ್ನುತ್ತೇನೆ. ಉಗುರಿನ ಕಪ್ಪು ಗೆರೆ ಬುಡದ ಚರ್ಮಕ್ಕೂ ಹರಡಿದ್ದರೆ ಇನ್ನೂ ಬೇಗ ತೋರಿಸಿ ಎನ್ನುತ್ತೇನೆ. ಆಣಿಯೆಂದು ತಿಳಿದು ಕಲೆಯನ್ನು ಸುಡಿಸುವುದನ್ನು ಮಾತ್ರ ಬಲವಾಗಿ ತಡೆಯುತ್ತೇನೆ. ಸುಟ್ಟ ಮೇಲೆ ದಪ್ಪವನ್ನು ಅಳೆಯಲು ಏನೂ ಉಳಿಯುವುದಿಲ್ಲ, ಅಳತೆಯಿಲ್ಲದೆ ಚಿಕಿತ್ಸೆಯ ದಾರಿ ಮಸುಕಾಗುತ್ತದೆ.

ಉಳಿದದ್ದೆಲ್ಲ ರೋಗಿಗಳ ಕಾಗದ ಮತ್ತು ಪ್ರಯಾಣದ ಕೆಲಸ, ನನ್ನ ಸಮಯ ಹೆಚ್ಚು ಹೋಗುವುದೂ ಅದಕ್ಕೇ. ಕಾರವಾರ, ಅಂಕೋಲಾದ ಕೊಂಕಣಿ ಮಾತಿನವರಿಗೆ ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ, ಭಾಷೆಯೂ ತಮ್ಮದೇ. ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ, ಸಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುತ್ತಾರೆ. ದೊಡ್ಡ ಚಿಕಿತ್ಸೆಯಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಊರು ಬದಲಾದಾಗ ವರದಿಯ ಪ್ರತಿ ಮಾತ್ರ ಸಾಲದು, ಮೊದಲು ಪರೀಕ್ಷೆ ಮಾಡಿದ ಪ್ರಯೋಗಾಲಯದಿಂದ ಗಾಜಿನ ಸ್ಲೈಡ್‌ಗಳನ್ನೂ ಅಂಗಾಂಶವಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಬೇಕು; ಅವಿಲ್ಲದಿದ್ದರೆ ಎರಡನೆಯ ತಜ್ಞರು ಸ್ವತಃ ನೋಡಿ ಅಭಿಪ್ರಾಯ ಹೇಳಲಾರರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ, ಆದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೈಯಲ್ಲಿರಬೇಕು. ಚಿಕಿತ್ಸೆಗಾಗಿ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಗಿರುವವರಿಗೆ ನೂರಕ್ಕೆ 75ರಷ್ಟು ರಿಯಾಯಿತಿ ಸಿಗುತ್ತದೆ. ಅದಕ್ಕೆ ಬೇಕಾದ ನಮೂನೆಗೆ ಆಸ್ಪತ್ರೆಯ ಸಹಿ, ಮೊಹರನ್ನು ಮೊದಲ ಭೇಟಿಯಲ್ಲಿಯೇ ಹಾಕಿಸಿಕೊಂಡರೆ ಮತ್ತೆ ಅಲೆಯುವುದು ತಪ್ಪುತ್ತದೆ.

ರೋಗ ಗ್ರಂಥಿಗಳಿಗೆ ಅಥವಾ ಶ್ವಾಸಕೋಶಕ್ಕೆ ತಲುಪಿದವರೊಂದಿಗೆ ಮಾತನಾಡುವುದು ಎಲ್ಲಕ್ಕಿಂತ ಕಷ್ಟ. ದೇಹದ ರೋಗನಿರೋಧಕ ಶಕ್ತಿಗೆ ಬಿದ್ದ ತಡೆಯನ್ನು ತೆಗೆಯುವ ಇಮ್ಯುನೋಥೆರಪಿಗೆ ಬುನಾದಿ ಹಾಕಿದ ಜೇಮ್ಸ್ ಅಲಿಸನ್ ಮತ್ತು ತಸುಕು ಹೊಂಜೋ ಅವರಿಗೆ 2018ರಲ್ಲಿ ನೊಬೆಲ್ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಆದರೆ ಆ ಔಷಧಿಗಳು ಎಲ್ಲರಿಗೂ ಫಲಿಸುವುದಿಲ್ಲ, ಬಿಸಿಲಿನಿಂದ ಬರುವ ಮೆಲನೋಮಾಕ್ಕೆ ಹೋಲಿಸಿದರೆ ಅಂಗಾಲಿನದ್ದರಲ್ಲಿ ಫಲ ಇನ್ನೂ ಕಡಿಮೆ. ಸಿರಸಿ ಸಮೀಪದ ತೋಟವೊಂದರಲ್ಲಿ ಅಡಕೆ ಕೊನೆ ಕೊಯ್ಯುವ ಕೊನೆಗೌಡರಾಗಿದ್ದವರು ಆ ಚಿಕಿತ್ಸೆ ಪಡೆದೂ ಉಳಿಯಲಿಲ್ಲ. ತೋಟ ಮಾರಿಯಾದರೂ ಔಷಧಿ ಕೊಡಿಸಬೇಕೇ ಎಂದು ಕೇಳುವ ಮನೆಯವರಿಗೆ ನಾನು ಉತ್ತರ ಹೇಳುವುದಿಲ್ಲ. ಈ ಔಷಧಿಯಿಂದ ಎಷ್ಟು ಕಾಲದ, ಎಂಥ ಬದುಕನ್ನು ನಿರೀಕ್ಷಿಸಬಹುದು ಎಂದು ವೈದ್ಯರನ್ನು ನೇರವಾಗಿ ಕೇಳಿ ಎಂದು ಹೇಳಿ, ಅವರು ಬಯಸಿದರೆ ಆ ಭೇಟಿಗೆ ಜೊತೆಗೆ ಹೋಗಿ ಕುಳಿತುಕೊಳ್ಳುತ್ತೇನೆ. ನೋವು ಕಡಿಮೆ ಮಾಡುವ ಚಿಕಿತ್ಸೆಯನ್ನು ಕೊನೆಯ ದಿನಗಳಿಗೆಂದು ಕಾಯ್ದಿರಿಸದೆ ಮೊದಲೇ ಕೇಳಬೇಕು ಎಂದೂ ತಿಳಿಸುತ್ತೇನೆ.

ಚಿಕಿತ್ಸೆ ಮುಗಿದವರು ವೈದ್ಯರು ಹೇಳಿದ ತಪಾಸಣೆಗಳನ್ನು ಮಳೆಗಾಲದಲ್ಲಿ ಘಟ್ಟದ ರಸ್ತೆಯ ಕಾರಣಕ್ಕೆ ಬಿಡುವುದುಂಟು, ಆದರೆ ಮೊದಲ ಎರಡು ಮೂರು ವರ್ಷ ರೋಗ ಮರಳುವ ಸಾಧ್ಯತೆ ಹೆಚ್ಚು. ಸ್ನಾನದ ವೇಳೆಯಲ್ಲಿ ಗಾಯದ ಸುತ್ತಲಿನ ಚರ್ಮವನ್ನೂ ಮಂಡಿಯ ಹಿಂಭಾಗವನ್ನೂ ತೊಡೆಸಂದನ್ನೂ ಬೆರಳಿನಿಂದ ಮುಟ್ಟಿ ನೋಡಿಕೊಳ್ಳುವ ವಿಧಾನವನ್ನು ನನ್ನ ಕಾಲಿನ ಮೇಲೆಯೇ ತೋರಿಸಿ ಕಲಿಸುತ್ತೇನೆ. ಹೊಸ ಗಂಟು ತಾಗಿದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಅದೇ ವಾರ ಹೋಗಿ ತೋರಿಸಬೇಕೆಂದು ಪ್ರತಿಯೊಬ್ಬರ ಕಡತದ ಮೊದಲ ಪುಟದಲ್ಲಿ ಬರೆದುಕೊಟ್ಟಿದ್ದೇನೆ.