ಎನ್‌ಫೀಲ್ಡ್, ಸ್ನೈಡರ್, ಮಾರ್ಟಿನಿ: ಹಳೇ ಕೋವಿ ಕೂಡಿಸಿದ ನನ್ನ ಅನುಭವ

ಹಳೇ ಸೈನಿಕ ಕೋವಿ ಕೂಡಿಸುತ್ತೇನೆ ಅಂದರೆ ಜನ ಮೊದಲು ಕೇಳುವುದು "ಎಷ್ಟಿವೆ?" ಅಂತ. ನನ್ನ ಹತ್ತಿರ ಜಾಸ್ತಿ ಇಲ್ಲ. ಸಿಕ್ಕಿದ್ದನ್ನೆಲ್ಲ ಕೊಳ್ಳುವ ಬದಲು ಒಂದೇ ಎಳೆ ಹಿಡಿದೆ. 1853ರಿಂದ 1871ರ ಒಳಗೆ ಬ್ರಿಟಿಷ್ ಸೇನೆ ನಳಿಕೆಯ ಬಾಯಿಂದ ಮದ್ದು ತುಂಬಿ, ಕೇಪಿನಿಂದ (ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಹೊತ್ತಿಸುವ ಕೋವಿ ಬಿಟ್ಟು, ಹಿಂದಿನಿಂದ ತೋಟಾ ಹಾಕುವ ಕೋವಿಗೆ ಬಂತು. ಮೂರು ಕೋವಿಗಳನ್ನು ಪಕ್ಕಪಕ್ಕ ಇಟ್ಟರೆ ಈ ಬದಲಾವಣೆ ಪೂರ್ತಿ ಕಾಣುತ್ತದೆ.

ಕೊಳ್ಳುವ ಮುಂಚೆ ಕಾನೂನು ನೋಡಿಕೊಳ್ಳಿ. ಅಮೆರಿಕದ ಫೆಡರಲ್ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದು ಪುರಾತನ ವಸ್ತು. ಬೇರೆ ದೇಶಗಳ ಲೆಕ್ಕ ಬೇರೆ. "ಹಳೇದು ತಾನೇ" ಅಂತ ಸುಮ್ನೆ ಮನೆಗೆ ತರುವ ಸಾಮಾನಲ್ಲ ಇದು.

ಮೊದಲು ಕೊಂಡಿದ್ದು 1853ರ ಮಾದರಿಯ ಎನ್‌ಫೀಲ್ಡ್. 39 ಇಂಚಿನ ನಳಿಕೆ, ಅದನ್ನು ಮರಕ್ಕೆ ಹಿಡಿದಿಡುವ ಮೂರು ಕಬ್ಬಿಣದ ಪಟ್ಟಿ, ಒಳಗೆ ಗುಂಡನ್ನು ತಿರುಗಿಸಲು ಸುರುಳಿಯಾಗಿ ಕೊರೆದ ಮೂರು ಗೀರು. ಬಾಯಿಯ ಅಗಲ 0.577 ಇಂಚು. ಮುದ್ರೆಗಳೆಲ್ಲ ಬಲಬದಿಯ ಲಾಕ್ ಪ್ಲೇಟ್ (ಹೊಡೆಯುವ ಯಂತ್ರ ಕೂತ ಲೋಹದ ತಗಡು) ಮೇಲೆ. ಕಿರೀಟ, ಅದರ ಕೆಳಗೆ ವಿ.ಆರ್. (ವಿಕ್ಟೋರಿಯಾ ರೆಜೀನಾ, ಅಂದರೆ ವಿಕ್ಟೋರಿಯಾ ರಾಣಿ), ಮುಂದಕ್ಕೆ ಇಸವಿ, 'ಟವರ್' ಅಥವಾ 'ಎನ್‌ಫೀಲ್ಡ್' ಎಂಬ ಹೆಸರು. ಕಿರೀಟ ಇದ್ದು ವಿ.ಆರ್. ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಖಾಸಗಿ ಮಾರಾಟಕ್ಕೆ ಮಾಡಿದ್ದು. ಕೆಲವದರಲ್ಲಿ ಎರಡು ಬಾಣದ ಗುರುತು ಮೊನೆಗೆ ಮೊನೆ ತಾಗುವಂತೆ ಹೊಡೆದಿರುತ್ತಾರೆ. ಸರ್ಕಾರ ಅದನ್ನು ಸೇವೆಯಿಂದ ತೆಗೆದು ಮಾರಿತು ಎಂದರ್ಥ.

ಸ್ನೈಡರ್ ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಅದು ರಿಪೇರಿ ಕೆಲಸ. ಹಿಂದಿನಿಂದ ತೋಟಾ ಹಾಕುವ ಕೋವಿ ತುರ್ತಾಗಿ ಬೇಕಾಗಿತ್ತು, ಎನ್‌ಫೀಲ್ಡ್‌ಗಳು ರಾಶಿ ಇದ್ದವು. 1866ರಲ್ಲಿ ಜೇಕಬ್ ಸ್ನೈಡರ್ ಎಂಬ ಅಮೆರಿಕದವನ ಉಪಾಯ ಒಪ್ಪಿ, ಹಳೇ ನಳಿಕೆಯ ಹಿಂಭಾಗ ಕತ್ತರಿಸಿ ಅಲ್ಲಿ ಬಾಗಿಲಿನಂಥ ಉಕ್ಕಿನ ತುಂಡು ಕೂರಿಸಿದರು. ಆ ತುಂಡನ್ನು ಬಲಕ್ಕೆ ಮಗುಚಿ ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಬರುತ್ತದೆ, ಆದರೆ ಬೀಳುವುದಿಲ್ಲ. ಕೋವಿಯನ್ನೇ ಬೋರಲು ಮಾಡಿ ಬೀಳಿಸಬೇಕು! ಹಾಗಾಗಿ ಲಾಕ್ ಮೇಲೆ 1861 ಅಂತ ಇದ್ದು ಹಿಂಭಾಗ ಸ್ನೈಡರ್ ಆಗಿದ್ದರೆ ಗಾಬರಿ ಬೇಡ. ಹಳೇ ಕೋವಿಗೆ ಹೊಸ ಬಾಗಿಲು ಇಟ್ಟದ್ದು, ಅಷ್ಟೇ.

ಮಾರ್ಟಿನಿ-ಹೆನ್ರಿ ಬಂದದ್ದು 1871ರಲ್ಲಿ. ಹಿಂದಿನ ಎರಡರಲ್ಲಿದ್ದಂತೆ ಹೊರಗೆ ಬಡಿಯುವ ಕುದುರೆಯೇ (ಸುತ್ತಿಗೆಯಂಥ ಭಾಗ) ಇಲ್ಲ. ಕೆಳಗಿನ ಲಿವರ್ ಎಳೆದರೆ ಒಳಗಿನ ತುಂಡು ತಗ್ಗುತ್ತದೆ, ತೋಟಾ ತಳ್ಳಿ ಲಿವರ್ ಮೇಲಕ್ಕೆ ಒತ್ತಿದರೆ ಸಿದ್ಧ. ಇಲ್ಲಿ ಹುಷಾರಾಗಿರಬೇಕು, ಈಗಿನ ಪಾಕಿಸ್ತಾನದ ಖೈಬರ್ ಕಡೆಯ ದರ್ರಾ ಆದಂ ಖೇಲ್‌ನಂಥ ಊರುಗಳಲ್ಲಿ ಕೈಯಲ್ಲೇ ಮಾಡಿದ ನಕಲುಗಳು ತುಂಬಾ ಇವೆ. ಇವನ್ನು ಮಾಡಿದವರಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ, ಹಾಗಾಗಿ 'ಎನ್‌ಫೀಲ್ಡ್' ಬರೆದಲ್ಲಿ 'ಎನ್' ಅಕ್ಷರ ತಿರುಗಿ ಬಿದ್ದಿರುವುದುಂಟು. ಮುದ್ರೆಯ ಗೆರೆ ಅಚ್ಚಿನಂತೆ ಸಮವಾಗಿರದೆ ಕೆತ್ತಿದಂತಿರುತ್ತದೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ವಿ.ಆರ್. ಕೆಳಗೆ 1908 ಅಂತ ಇದ್ದರೆ ಮುಂದೆ ನೋಡುವುದೇ ಬೇಡ. ನನ್ನ ಮಟ್ಟಿಗೆ ಈ ನಕಲುಗಳೂ ಕೂಡಿಸಲು ಯೋಗ್ಯವೇ, ಅಸಲಿನ ಬೆಲೆ ಕೊಡಬಾರದು ಅಷ್ಟೇ.

ಮರವನ್ನು ಬೆರಳಿಂದ ನೋಡಬೇಕು. ಹಿಡಿಯ ಹಿಂದಿನ ಹಿತ್ತಾಳೆ ತಗಡು ಮತ್ತು ಮರ ಸೇರುವಲ್ಲಿ ಉಗುರು ಎಳೆಯಿರಿ. ತಗಡಿನ ಅಂಚು ಮರಕ್ಕಿಂತ ಮೇಲೆದ್ದಿದ್ದರೆ ಯಾರೋ ಉಜ್ಜುಕಾಗದ ಹಾಕಿದ್ದಾರೆ. ಮರದ ಮೇಲಿದ್ದ ಉಗ್ರಾಣದ ದುಂಡು ಮುದ್ರೆಯೂ ಅದರ ಜತೆ ಹೋಗಿರುತ್ತದೆ. ಪಳಪಳ ಹೊಳೆಯುವ ಕೋವಿಯನ್ನು ನಾನು ಮುಟ್ಟುವುದೇ ಇಲ್ಲ.

ಮನೆಗೆ ತಂದ ಮೇಲೆ ಮೊದಲ ಕೆಲಸ, ಒಳಗೆ ಈಡು, ಅಂದರೆ ತುಂಬಿಟ್ಟ ಮದ್ದುಗುಂಡು, ಇದೆಯೇ ಅಂತ ನೋಡುವುದು. ಅಮೆರಿಕದ ಅಂತರ್ಯುದ್ಧದಲ್ಲಿ 1863ರ ಗೆಟ್ಟಿಸ್ಬರ್ಗ್ ಕಾಳಗದ ನಂತರ ಬಯಲಿನಿಂದ ಆರಿಸಿದ 27,000ಕ್ಕೂ ಹೆಚ್ಚು ಕೋವಿಗಳಲ್ಲಿ ಬಹುಪಾಲು ಈಡು ತುಂಬಿದವೇ ಆಗಿದ್ದವು. ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಹೊತ್ತಿಕೊಳ್ಳುತ್ತದೆ. ಬಾಯಿಯ ಮುಂದೆ ನಿಲ್ಲದೆ, ಮರದ ಕೋಲನ್ನು ನಳಿಕೆಗೆ ಮೆಲ್ಲಗೆ ಇಳಿಸಿ, ಬಾಯಿಯ ಹತ್ತಿರ ಗುರುತು ಹಾಕುತ್ತೇನೆ. ಅದನ್ನು ಹೊರಗೆ ನಳಿಕೆಯ ಪಕ್ಕಕ್ಕೆ ಹಿಡಿದಾಗ ತುದಿ ಕೇಪು ಕೂರುವ ಜಾಗದವರೆಗೆ ಬರಬೇಕು. ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಅದನ್ನು ತೆಗೆಯುವ ಕೆಲಸ ಬಲ್ಲ ಕೋವಿ ರಿಪೇರಿಯವರದು.

ಆಮೇಲಿನ ಆರೈಕೆ ಸುಲಭ. ಬೆವರಿನ ಉಪ್ಪು ತಾಗದಂತೆ ಹತ್ತಿ ಕೈಗವಸು, ಇನ್ನೂ ಹರಡುತ್ತಿರುವ ತುಕ್ಕಿಗೆ ಎಣ್ಣೆ ಹಚ್ಚಿದ ತೀರಾ ನಯವಾದ ಉಕ್ಕಿನ ನಾರು, ಮೇಲೆ ತೆಳುವಾಗಿ ಮೇಣ. ಕಂದು ಬಣ್ಣಕ್ಕೆ ತಿರುಗಿದ ಲೋಹವನ್ನು ಹಾಗೇ ಬಿಡುತ್ತೇನೆ.

ಈಗ ಹುಡುಕುತ್ತಿರುವುದು 1858ರ ಮಾದರಿ. 1857ರ ದಂಗೆಯ ನಂತರ ಭಾರತೀಯ ಸಿಪಾಯಿಗಳ ಕೈಗೆ ಒಳಗೆ ಗೀರು ಕೊರೆದ, ದೂರಕ್ಕೆ ಗುರಿ ಹೊಡೆಯುವ ಕೋವಿ ಕೊಡಲು ಬ್ರಿಟಿಷರಿಗೆ ಧೈರ್ಯ ಸಾಲಲಿಲ್ಲ. ಎನ್‌ಫೀಲ್ಡ್‌ನ ಆಕಾರವೇ, ಆದರೆ ನಳಿಕೆ 0.656 ಇಂಚಿಗೆ ಕೊರೆದು ನುಣುಪು, ದೂರಕ್ಕೆ ಹೊಂದಿಸಲಾಗದ ಗಟ್ಟಿ ಕೂತ ಗುರಿಗಣ್ಣು. ಮಾರುವವರು ಇದನ್ನೂ ಎನ್‌ಫೀಲ್ಡ್ ಅಂತಲೇ ಹೇಳುತ್ತಾರೆ. ಅದಕ್ಕೇ ನಳಿಕೆಯೊಳಗೆ ಟಾರ್ಚ್ ಬಿಡದೆ ನಾನು ಮಾತಿಗೇ ಕೂರುವುದಿಲ್ಲ.