ಮಾಚಾ ಕೊಳ್ಳುವಾಗ ಡಬ್ಬಿಯ ಹೆಸರಲ್ಲ, ಪುಡಿ ನೋಡಿ

ನಾನು ಬ್ಯಾಡಗಿಯಲ್ಲಿ ಬೆಳೆದವಳು, ಮದುವೆಯಾಗಿ ಧಾರವಾಡಕ್ಕೆ ಬಂದವಳು. ಮೆಣಸಿನಕಾಯಿ ಆರಿಸುವುದನ್ನು ಅವ್ವನಿಂದ ಕಲಿತೆ. ಅವ್ವ ಒಂದು ಕಾಯಿ ಮುರಿದು ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಆಮೇಲೆ ಬೆರಳಿಗೆ ಅಂಟಿದ ಬಣ್ಣ ನೋಡುತ್ತಿದ್ದಳು. ವ್ಯಾಪಾರಿ ಏನೇ ಹೇಳಲಿ, ಆ ಬೆರಳು ಹೇಳಿದ್ದೇ ಕಡೆಯ ಮಾತು. ಈಗ ನಮ್ಮ ಮನೆಯಲ್ಲಿ ಸೊಸೆ ದಿನಾ ಬೆಳಿಗ್ಗೆ ಮಾಚಾ, ಅಂದರೆ ನುಣ್ಣಗೆ ಬೀಸಿದ ಜಪಾನಿನ ಹಸಿರು ಚಹಾ ಪುಡಿ, ಕಲಸಿ ಕುಡಿಯುತ್ತಾಳೆ. ಮೂರು ವರ್ಷದಿಂದ ಆ ಹಸಿರು ಪುಡಿ ನೋಡಿ ತರುವ ಕೆಲಸ ನನ್ನದು. ಎಷ್ಟೋ ಡಬ್ಬಿ ತೆರೆದು ನೋಡಿದ ಮೇಲೆ ಗೊತ್ತಾಯಿತು, ಇದಕ್ಕೂ ಅವ್ವ ಕಲಿಸಿದ ವಿದ್ಯೆಯೇ ಸಾಕು.

ಮೊದಲ ಸಲ ತಂದದ್ದು ಹುಬ್ಬಳ್ಳಿಯ ಒಂದು ಅಂಗಡಿಯಿಂದ. ಪಾಕೀಟಿನ ಮೇಲೆ ಎಳೆ ಹಸಿರು ಚಹಾದ ಚಿತ್ರ, ದಪ್ಪ ಅಕ್ಷರದಲ್ಲಿ 'ಸೆರಮೋನಿಯಲ್ ಗ್ರೇಡ್', ಅಂದರೆ ಚಹಾ ಸಮಾರಂಭಕ್ಕೆ ತಕ್ಕ ದರ್ಜೆ, ಎಂಬ ಹೆಸರು. ಕತ್ತರಿಸಿ ನೋಡಿದರೆ ಒಳಗಿದ್ದದ್ದು ಮದರಂಗಿ ಪುಡಿಯ ಬಣ್ಣ. ವಾಸನೆ ಹಳೆಯ ಹುಲ್ಲಿನ ಬಣವಿಯದು. ಒಂದು ಗುಟುಕು ಕುಡಿದರೆ ಬಾಯಿ ಪೂರ್ತಿ ಒಗರು. ಪಾಪ, ಸೊಸೆ ದುಡ್ಡು ಹಾಳಾಗಬಾರದೆಂದು ಸಕ್ಕರೆ ಹಾಕಿಕೊಂಡು ಅದನ್ನೇ ತಿಂಗಳಿಡೀ ಕುಡಿದಳು. ಬೇರೆ ಯಾರಿಗೂ ಹಾಗೆ ಆಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿರಲಿ. 'ಸೆರಮೋನಿಯಲ್', 'ಕ್ಯುಲಿನರಿ' (ಅಡುಗೆಯದು) ಅನ್ನುವುದೆಲ್ಲ ಮಾರುವವರು ಇಟ್ಟುಕೊಂಡ ಹೆಸರು. ಜಪಾನ್ ಸರ್ಕಾರ ಅಳೆದು ತೂಗಿ ಕೊಟ್ಟ ದರ್ಜೆಯಲ್ಲ. ಯಾರು ಬೇಕಾದರೂ ಡಬ್ಬಿಯ ಮೇಲೆ ಅಚ್ಚು ಹಾಕಿಸಬಹುದು. ಹಾಗಾಗಿ ಆ ಹೆಸರು ನೋಡಿ ಜಾಸ್ತಿ ದುಡ್ಡು ಕೊಡಬೇಡಿ.

ಒಳ್ಳೆಯದು ಯಾಕೆ ಒಳ್ಳೆಯದು ಅಂತ ತಿಳಿದರೆ ಆರಿಸುವುದು ಸುಲಭ. ಕೊಯ್ಲಿಗೆ ಸುಮಾರು ಮೂರು ವಾರ ಮುಂಚೆ ಚಹಾ ತೋಟಕ್ಕೆ ಮೇಲೆ ಹೊದಿಕೆ ಹಾಕಿ ನೆರಳು ಮಾಡುತ್ತಾರೆ. ನೆರಳಿನಲ್ಲಿ ಎಲೆ ಕಡು ಹಸಿರಾಗುತ್ತದೆ. ಸವಿ ಕೊಡುವ ಥಿಯಾನಿನ್ ಎಲೆಯಲ್ಲೇ ಉಳಿಯುತ್ತದೆ, ಒಗರು ಕಡಿಮೆ ಇರುತ್ತದೆ. ಕಿತ್ತ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ದಂಟು ನರ ಎಲ್ಲ ತೆಗೆದುಹಾಕುತ್ತಾರೆ. ಉಳಿದ ಎಲೆಗೆ ತೆಂಚಾ ಅನ್ನುತ್ತಾರೆ. ಅದನ್ನು ಬೀಸುವ ಕಲ್ಲಿನಲ್ಲಿ ನಿಧಾನವಾಗಿ ಪುಡಿ ಮಾಡಿದರೆ ಮಾಚಾ. ಒಂದು ಕಲ್ಲಿನಿಂದ ಗಂಟೆಗೆ 40 ಗ್ರಾಂ ಪುಡಿ ಬಂದರೆ ಹೆಚ್ಚು. ಜೋರಾಗಿ ಬೀಸಿದರೆ ಪುಡಿ ಬಿಸಿಯಾಗಿ ಬಣ್ಣ, ಘಮ ಎರಡೂ ಹೋಗುತ್ತವೆ. ಗಿರಣಿಯಿಂದ ಖಾರಪುಡಿ ತಂದ ಕೂಡಲೇ ನಾವು ಹಾಳೆಯ ಮೇಲೆ ಹರಡಿ ಆರಿಸುವುದಿಲ್ಲವೇ, ಅದೇ ಕಾರಣ. ಮೆಣಸಿನಕಾಯಿಯನ್ನು ತೊಟ್ಟು ಸಮೇತ ಬೀಸಿದರೆ ಪುಡಿ ಪೇಲವ ಆಗುತ್ತದೆ. ಚಹಾ ಎಲೆಯನ್ನು ದಂಟಿನ ಸಮೇತ ಬೀಸಿದರೂ ಹಾಗೆಯೇ, ಹಳದಿ ತಿರುಗಿ ತರಿತರಿಯಾಗುತ್ತದೆ.

ಇನ್ನೊಂದು ಸಂಗತಿ. ನಮ್ಮ ಚಹಾದಲ್ಲಿ ಪುಡಿ ಕುದಿಸಿ, ಸೋಸಿ, ಚರಟ ಚೆಲ್ಲುತ್ತೇವೆ. ಮಾಚಾದಲ್ಲಿ ಸೋಸುವುದೇ ಇಲ್ಲ. ಇಡೀ ಎಲೆ ಹೊಟ್ಟೆಗೆ ಹೋಗುತ್ತದೆ. ಪುಡಿ ಕೆಟ್ಟದ್ದಾದರೆ ಮುಚ್ಚಿಡುವುದಕ್ಕೆ ಜಾಗವೇ ಇಲ್ಲ.

ಈಗ ಬೆರಳಿನ ಪರೀಕ್ಷೆ. ಕಾಲು ಚಮಚ ಪುಡಿ ಬಿಳಿ ಹಾಳೆಯ ಮೇಲೆ ಹಾಕಿ. ತೋರುಬೆರಳಿನಿಂದ ಒತ್ತಿ ಒಂದು ಗೆರೆ ಎಳೆಯಿರಿ. ಪುಡಿ ಒಳ್ಳೆಯದಾದರೆ ಗೆರೆ ಉದ್ದಕ್ಕೆ, ತುಂಡಾಗದೆ, ಎಳೆ ಗೋಧಿ ಪೈರಿನಂಥ ಹಸಿರಾಗಿ ಬರುತ್ತದೆ. ಬೆರಳ ತುದಿಯಲ್ಲಿ ಉಜ್ಜಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಸಾಧಾರಣ ಪುಡಿಯಾದರೆ ಗೆರೆ ಅಲ್ಲಲ್ಲಿ ಕಡಿಯುತ್ತದೆ, ಹಳದಿ ಮಿಶ್ರ ಹಸಿರು ಕಾಣುತ್ತದೆ, ಬೆರಳಿಗೆ ಸಣ್ಣ ರವೆ ಸಿಕ್ಕಹಾಗೆ ಆಗುತ್ತದೆ. ಎರಡು ಡಬ್ಬಿಯ ಪುಡಿಯನ್ನು ಪಕ್ಕಪಕ್ಕದಲ್ಲೇ ಎಳೆದು ನೋಡಿ. ಹಗಲು ಬೆಳಕಿನಲ್ಲಿ ಕಿಟಕಿಯ ಹತ್ತಿರ ನೋಡಬೇಕು. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಹಸಿರೂ ಒಂದೇ ಥರ ಕಾಣುತ್ತದೆ. ವಾಸನೆಯಲ್ಲಿ ಹಸಿ ಎಲೆಯ ಘಮ, ಜೊತೆಗೆ ಸ್ವಲ್ಪ ಸಿಹಿ ಇರಬೇಕು. ಏನೂ ವಾಸನೆ ಬರದಿದ್ದರೆ ಪುಡಿ ಹಳೆಯದು.

ಹಾಗಂತ ಎಲ್ಲದಕ್ಕೂ ದುಬಾರಿ ಪುಡಿಯೇ ಬೇಕು ಅಂತ ಅಲ್ಲ. ನಮ್ಮಲ್ಲಿ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಅಂತ ಬೇರೆ ಬೇರೆ ತರುವುದಿಲ್ಲವೇ? ಒಂದು ಮೇಲು, ಒಂದು ಕೀಳು ಅಲ್ಲ, ಕೆಲಸ ಬೇರೆ. ಮಾಚಾದಲ್ಲೂ ಅಷ್ಟೇ. ಬರೀ ಬಿಸಿ ನೀರಿನಲ್ಲಿ ಕಲಸಿ ಕುಡಿಯುವವರಿಗೆ ವರ್ಷದ ಮೊದಲ ಕೊಯ್ಲಿನ ಎಳೆ ಎಲೆಯ ಪುಡಿ ಬೇಕು. ಹಾಲು ಸಕ್ಕರೆ ಹಾಕುವವರಿಗೆ ಅದು ಬೇಡವೇ ಬೇಡ. ಆ ನಾಜೂಕು ರುಚಿಯೆಲ್ಲ ಹಾಲಿನಲ್ಲಿ ಮುಳುಗಿ ಹೋಗುತ್ತದೆ. ಎರಡನೇ ಕೊಯ್ಲಿನ ಪುಡಿ ತುಸು ಕಹಿ, ತುಸು ಗಡಸು. ಹಾಲಿನ ಮುಂದೆ ಎದ್ದು ನಿಲ್ಲುವುದು ಅದೇ. ಕೇಕು, ಐಸ್‌ಕ್ರೀಮಿಗೂ ಅದೇ ಸರಿ. ನಮ್ಮ ಮನೆಯಲ್ಲಿ ಎರಡು ಡಬ್ಬಿ ಇರುತ್ತವೆ. ಸೊಸೆಗೆ ಸಣ್ಣದು, ಹಾಲು ಹಾಕಿ ಕುಡಿಯುವ ಮೊಮ್ಮಗಳಿಗೆ ದೊಡ್ಡದು.

ಡಬ್ಬಿಯ ಹಿಂಭಾಗ ತಪ್ಪದೆ ಓದಿ. ಪದಾರ್ಥದ ಜಾಗದಲ್ಲಿ ಮಾಚಾ ಒಂದೇ ಇರಬೇಕು. ಸಕ್ಕರೆ, ಹಾಲಿನ ಪುಡಿ ಇದ್ದರೆ ಅದು ಸಿದ್ಧ ಮಿಶ್ರಣ, ಬೇರೆ ಸಾಮಾನು. ಸುಮ್ನೆ 'ಗ್ರೀನ್ ಟೀ ಪೌಡರ್' ಅಂತ ಇದ್ದರೆ ಬಹುಮಟ್ಟಿಗೆ ನೆರಳು ಮಾಡದ ಸಾದಾ ಹಸಿರು ಚಹಾದ ಪುಡಿ, ಅದನ್ನು ಮಾಚಾದ ಬೆಲೆಗೆ ಕೊಳ್ಳಬೇಡಿ. ಯಾವ ಊರಿನದು ಅಂತ ಬರೆದಿದ್ದರೆ ಒಳ್ಳೆಯದು. ಕ್ಯೋಟೋ ಕಡೆಯ ಉಜಿ, ಐಚಿ ಪ್ರಾಂತ್ಯದ ನಿಶಿಯೋ, ದಕ್ಷಿಣದ ಕಾಗೊಶಿಮಾ ಇವು ಹೆಸರಾದ ಊರುಗಳು. ತಯಾರಾದ ತಿಂಗಳು ನೋಡಿ, ಹೊಸದಿದ್ದಷ್ಟು ಒಳ್ಳೆಯದು. 2024ರ ಕೊನೆಯಿಂದ ಜಪಾನಿನಲ್ಲೇ ಮಾಚಾಕ್ಕೆ ಬೇಡಿಕೆ ವಿಪರೀತವಾಗಿ ಬೆಲೆ ಏರಿದೆ. ಹಾಗಿರುವಾಗ 100 ಗ್ರಾಂ 'ಸೆರಮೋನಿಯಲ್' 200-300 ರೂಪಾಯಿಗೆ ಕೊಡುತ್ತೇನೆ ಅಂದರೆ ನಾನಂತೂ ನಂಬುವುದಿಲ್ಲ.

ಇಷ್ಟೆಲ್ಲ ನೋಡಿ ತಂದ ಪುಡಿಯನ್ನು ಜನ ಕೆಡಿಸುವುದು ಮನೆಗೆ ಬಂದ ಮೇಲೆ. ಚಂದ ಕಾಣಲಿ ಅಂತ ಗಾಜಿನ ಬಾಟಲಿಗೆ ಸುರಿದು, ಒಲೆಯ ಮೇಲಿನ ಹಲಗೆಯಲ್ಲಿ ಇಡುತ್ತಾರೆ. ಬೆಳಕು, ಬಿಸಿ, ಗಾಳಿ, ತೇವ ನಾಲ್ಕೂ ಮಾಚಾಕ್ಕೆ ಶತ್ರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬಣ್ಣ ಉಳಿಯಲಿ ಅಂತ ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ, ಇದಕ್ಕೂ ತಂಪೇ ಬೇಕು. ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಇನ್ನೊಂದು ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಡಿ. ಇಲ್ಲದಿದ್ದರೆ ಬಳ್ಳೊಳ್ಳಿ, ಉಳ್ಳಾಗಡ್ಡಿ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಹೊರಗೆ ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ. ಧಾರವಾಡದ ಮಳೆಗಾಲದಲ್ಲಿ ತಣ್ಣನೆಯ ಡಬ್ಬಿ ಬಿಚ್ಚಿದರೆ ಒಳಗೆಲ್ಲ ಬೆವರುತ್ತದೆ, ಪುಡಿ ಗಂಟು ಕಟ್ಟುತ್ತದೆ. ಹೊರಗಿಟ್ಟು ಚಳಿ ಬಿಟ್ಟ ಮೇಲೆ ಬಿಚ್ಚಿ. ಚಮಚ ಒಣಗಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಾನು ಪಾರ್ಸೆಲ್ ತರಿಸುವುದೇ ಇಲ್ಲ, ನಮ್ಮ ಕಡೆಯ ಬಿಸಿಲಲ್ಲಿ ಗಾಡಿಯೊಳಗೆ ಅದು ಎಷ್ಟು ಹೊತ್ತು ಬೇಯುತ್ತದೋ ಏನೋ. ಮಾರ್ಚಿನಲ್ಲೇ ಎರಡು ತಿಂಗಳಿಗೆ ಸಾಕಾಗುವಷ್ಟು ಸಣ್ಣ ಡಬ್ಬಿ ತರಿಸಿಟ್ಟುಕೊಳ್ಳುತ್ತೇನೆ. ದೊಡ್ಡ ಡಬ್ಬಿ ಅಗ್ಗ ಅನಿಸುತ್ತದೆ, ಆದರೆ ತೆರೆದ ಮೇಲೆ ಒಂದೆರಡು ತಿಂಗಳಲ್ಲಿ ಮುಗಿಸಬೇಕು. ದಿನಕ್ಕೆ ಒಂದು ಕಪ್ಪಿಗೆ 2 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಹಿಡಿದರೆ 30 ಗ್ರಾಂ ಡಬ್ಬಿ ಹದಿನೈದು ದಿನಕ್ಕೆ ಬರುತ್ತದೆ. ಹಾಗೆ ಲೆಕ್ಕ ಹಾಕಿ ಕೊಳ್ಳಿ.

ಮಾಡುವಾಗ ಕುದಿಯುವ ನೀರು ಹಾಕಬೇಡಿ. ಎಂಥ ಒಳ್ಳೆಯ ಪುಡಿಯೂ ಕಹಿಯಾಗುತ್ತದೆ. ನೀರು ಕುದಿಸಿ ಇಳಿಸಿ, ಇನ್ನೊಂದು ಪಾತ್ರೆಗೆ ಬಗ್ಗಿಸಿ, ಸ್ವಲ್ಪ ಹೊತ್ತು ಬಿಟ್ಟರೆ 80 ಡಿಗ್ರಿಯ ಒಳಗೆ ಬರುತ್ತದೆ. ಪುಡಿಯನ್ನು ಸಣ್ಣ ಜರಡಿಯಲ್ಲಿ ಸಾಣಿಸಿಕೊಂಡರೆ ಗಂಟಾಗುವುದಿಲ್ಲ. ಬಿದಿರಿನ ಕಡಗೋಲು ಇಲ್ಲದಿದ್ದರೂ ನಡೆಯುತ್ತದೆ. ಕಾಫಿಗೆ ನೊರೆ ಬರಿಸುವ ಸಣ್ಣ ಯಂತ್ರ ಸಾಕು.

ಎಲೆ ಪೂರ್ತಿ ಕುಡಿಯುವುದರಿಂದ ಕೆಫೀನ್ ನಮ್ಮ ಚಹಾಕ್ಕಿಂತ ಕಡಿಮೆಯೇನೂ ಇರುವುದಿಲ್ಲ. ಸಂಜೆ ಕುಡಿದು ರಾತ್ರಿ ನಿದ್ದೆ ಬರಲಿಲ್ಲ ಅನ್ನಬೇಡಿ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಊಟದ ಜೊತೆಗೆ ಕುಡಿಯಲೇಬಾರದು, ಊಟದ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ತಾಸು ಬಿಟ್ಟು ಕುಡಿಯಿರಿ. ಬಸುರಿಯರು, ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಡಬ್ಬಿಯ ತಳದಲ್ಲಿ ಬಣ್ಣ ಸ್ವಲ್ಪ ಮಾಸಿದ ಪುಡಿ ಉಳಿದರೆ ಚೆಲ್ಲಬೇಡಿ. ನಾನು ಶ್ರೀಖಂಡಕ್ಕೆ ಹಾಕುತ್ತೇನೆ. ಮೊಸರು ರಾತ್ರಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ಬೆಳಿಗ್ಗೆ ಸಿಕ್ಕ ಚಕ್ಕಾ ಅರ್ಧ ಕಿಲೋ ಇದ್ದರೆ ಎರಡು ಸಣ್ಣ ಚಮಚ ಮಾಚಾ. ಮಾಚಾವನ್ನು ಪುಡಿ ಮಾಡಿದ ಸಕ್ಕರೆಯ ಜೊತೆ ಮೊದಲು ಒಣದಾಗಿಯೇ ಬೆರೆಸಿ, ಸಾಣಿಸಿ, ಆಮೇಲೆ ಚಕ್ಕಾಕ್ಕೆ ಹಾಕಿ ನಾದಬೇಕು. ಏಲಕ್ಕಿ, ಕೇಸರಿ ಹಾಕಬೇಡಿ, ಘಮ ಒಂದಕ್ಕೊಂದು ಜಗಳ ಆಡುತ್ತವೆ. ಒಂದು ತಾಸು ಫ್ರಿಜ್ಜಿನಲ್ಲಿಟ್ಟು ಪೂರಿಯ ಜೊತೆ ಬಡಿಸಿ.