ಚೌಕಿಗೆ ಹೋಗಲು ಯಾವುದು ಸರಿಯಾದ ಹೊತ್ತು?

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಕುಮಟಾ, ಹೊನ್ನಾವರ, ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಈ ಸಲ ಮಕ್ಕಳನ್ನೂ ಆಟಕ್ಕೆ ಕರೆದುಕೊಂಡು ಹೋಗಬೇಕು, ಮೆಚ್ಚಿನ ವೇಷಧಾರಿಯನ್ನು ಮಾತಾಡಿಸಿಕೊಂಡು ಬರಬೇಕು. ಆಟ ನೋಡಿ ಬರುವವರು ಬಹಳ, ಮಾತಾಡಿಸಿ ಬರುವವರು ಕಡಿಮೆ. ಕಲಾವಿದರಿಗೆ ಗತ್ತು ಎಂದು ದೂರುವುದುಂಟು. ಹೆಚ್ಚಿನ ಸಲ ತಪ್ಪಿರುವುದು ಇವರು ಚೌಕಿಗೆ, ಅಂದರೆ ವೇಷ ಕಟ್ಟುವ ಬಣ್ಣದ ಮನೆಗೆ, ಹೋದ ಹೊತ್ತಿನಲ್ಲಿ.

ಕರಪತ್ರದಿಂದ ಶುರುಮಾಡಿ. ಹೆಸರು ದಪ್ಪ ಅಕ್ಷರದಲ್ಲಿದೆ ಎಂದು ಹೊರಟುಬಿಡಬೇಡಿ. ಯಾವ ಪ್ರಸಂಗ, ಯಾವ ಪಾತ್ರ ಎಂದು ನೋಡಿ. ರಾತ್ರಿಗೆ ಎರಡು ಪ್ರಸಂಗವಿದ್ದರೆ ಎರಡನೆಯದು ಏರುವಾಗ ಗಂಟೆ ಒಂದು, ಒಂದೂವರೆ ಆಗಿರುತ್ತದೆ. ಪಾತ್ರ ದೊಡ್ಡದಾದರೆ ಪೂರ್ವಾರ್ಧಕ್ಕೆ ಒಬ್ಬರು, ಉತ್ತರಾರ್ಧಕ್ಕೆ ಇನ್ನೊಬ್ಬರು ಮಾಡುವುದೂ ಇದೆ. ‘ಅತಿಥಿ ಕಲಾವಿದರು’ ಎಂದು ಅಚ್ಚಾಗಿದ್ದರೆ ಇನ್ನಷ್ಟು ಎಚ್ಚರ ಬೇಕು. ಅವರು ತಮ್ಮ ಪಾತ್ರದ ಹೊತ್ತಿಗೆ ಬರುತ್ತಾರೆ, ವೇಷ ಬಿಚ್ಚುತ್ತಾರೆ, ಹೊರಡುತ್ತಾರೆ. ಸಂಘಟಕರ ಫೋನ್ ನಂಬರು ಕರಪತ್ರದ ಕೆಳಗೇ ಇರುತ್ತದೆ. ಎರಡು ದಿನ ಮೊದಲು ಫೋನು ಮಾಡಿ, “ಹೆಗಡೇರ ವೇಷ ಎಷ್ಟು ಹೊತ್ತಿಗೆ ರಂಗಕ್ಕೆ ಬರ್ತದೆ? ಚೌಕಿಗೆ ಬಂದು ಮಾತಾಡ್ಸಬಹುದಾ?” ಎಂದು ಕೇಳಿ. ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಮಕ್ಕಳು ಆರು ವರ್ಷದೊಳಗಿನವರಾದರೆ ಬೆಳಗಿನವರೆಗಿನ ಆಟ ಬೇಡ, ಮೂರು-ನಾಲ್ಕು ತಾಸಿನ ಕಾಲಮಿತಿ ಆಟ ಸಾಕು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ, ಹೊನ್ನಾವರ ತಾಲ್ಲೂಕಿನ ಗುಣವಂತೆಯ ಇಡಗುಂಜಿ ಮಂಡಳಿಯಂಥವರ ಕಾಲಮಿತಿ ಪ್ರದರ್ಶನಗಳು ಸಣ್ಣ ಮಕ್ಕಳಿರುವ ಮನೆಗೆ ಹೇಳಿಮಾಡಿಸಿದ ಹಾಗಿವೆ. ಕಾರವಾರದವರು ಆಟಕ್ಕೆಂದು ದಕ್ಷಿಣಕ್ಕೆ ಬರುವುದೇ ಹೆಚ್ಚು. ಕುಮಟಾಕ್ಕೆ ಸುಮಾರು 70 ಕಿ.ಮೀ., ಹೊನ್ನಾವರಕ್ಕೆ 90ರ ಹತ್ತಿರ. ರಾತ್ರಿ ವಾಪಸು ಬಸ್ಸು ನಂಬಿಕೊಂಡು ಹೋಗಬೇಡಿ.

ಸಾಮಾನು ಕಟ್ಟುವಾಗ ಊರು ನೋಡಿಕೊಂಡು ಕಟ್ಟಿ. ಕರಾವಳಿಯಲ್ಲಿ ಹನ್ನೆರಡರವರೆಗೂ ಬೆವರು, ಬೆಳಗಿನ ಜಾವ ಇಬ್ಬನಿ. ಘಟ್ಟದ ಮೇಲೆ ಡಿಸೆಂಬರ್-ಜನವರಿಯಲ್ಲಿ ಹತ್ತು ಗಂಟೆಗೇ ಸ್ವೆಟರ್, ಮಂಕಿ ಕ್ಯಾಪ್ ಬೇಕಾಗುತ್ತದೆ. ನಾಲ್ಕು ಜನಕ್ಕೆ ಒಂದು ದೊಡ್ಡ ಚಾಪೆ, ಎರಡು ಕಂಬಳಿ, ಒಂದು ಫ್ಲಾಸ್ಕ್ ಕಷಾಯ, ಒಂದು ಟಾರ್ಚು. ಕುರ್ಚಿಗಿಂತ ಮುಂದಿನ ಚಾಪೆಯೇ ಮಕ್ಕಳಿಗೆ ಒಳ್ಳೆಯದು, ನಿದ್ದೆ ಬಂದರೆ ಅಲ್ಲೇ ಮಲಗಿಸಬಹುದು. ಆದರೆ ಧ್ವನಿವರ್ಧಕದ ಪೆಟ್ಟಿಗೆಯಿಂದ ಹದಿನೈದು ಅಡಿಯಾದರೂ ದೂರ ಕೂರಿ. ಚೆಂಡೆಯ ಪೆಟ್ಟು ಅದರಲ್ಲಿ ಸಿಡಿದರೆ ಎಳೆಕೂಸು ಬೆಚ್ಚಿಬಿದ್ದು ಅಳುತ್ತದೆ, ಮತ್ತೆ ಮಲಗುವುದಿಲ್ಲ. ರಾಕ್ಷಸನ ಪ್ರವೇಶ ಪ್ರೇಕ್ಷಕರ ನಡುವಿನಿಂದ ಆಗುವ ಪ್ರಸಂಗವಾದರೆ ನಡುದಾರಿಯ ಅಂಚೂ ಬೇಡ.

ಇನ್ನು ಚೌಕಿ. ವೇಷ ರಂಗಕ್ಕೆ ಹೋಗುವ ಹೊತ್ತನ್ನು ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಬೇಕು. ಬಣ್ಣಕ್ಕೆ ಕೂತಲ್ಲಿಂದ ಗೆಜ್ಜೆ ಕಟ್ಟುವವರೆಗೆ ಸುಮಾರು ಒಂದೂವರೆ ತಾಸು ಹಿಡಿಯುತ್ತದೆ. ಹನ್ನೊಂದೂವರೆಗೆ ಪ್ರವೇಶವಿದ್ದರೆ ಹತ್ತಕ್ಕೆ ಬಣ್ಣ. ಮಾತಾಡಿಸುವುದಿದ್ದರೆ ಒಂಬತ್ತೂವರೆಗೆ, ಊಟ ಮುಗಿಸಿ ಕವಳ ಹಾಕುತ್ತಿರುವಾಗ. ಬಣ್ಣ ಬರೆಯಲು ಶುರುಮಾಡಿದ ಮೇಲೆ ದೂರ ನಿಂತು ನೋಡಿ, ಮಾತು ಬೇಡ. ಕನ್ನಡಿಯಲ್ಲಿ ಹುಬ್ಬು ತೀಡುವಾಗ ನಕ್ಕರೆ ಗೆರೆ ಸೊಟ್ಟಗಾಗುತ್ತದೆ, ಅಳಿಸಿ ಮತ್ತೆ ಮೊದಲಿನಿಂದ. ಮುಂಡಾಸೋ ಕೇದಗೆ ಮುಂದಲೆಯೋ ಕಟ್ಟಿಯಾದ ಮೇಲಂತೂ ಹತ್ತಿರ ಹೋಗಲೇಬೇಡಿ. ತಲೆಗೆ ಬಿಗಿದ ಕಟ್ಟು ಅದು. ಜೊತೆಗೆ ಅವರ ತಲೆಯೊಳಗೆ ಆಗಲೇ ಪದ್ಯ, ಅರ್ಥ ಓಡುತ್ತಿರುತ್ತದೆ. “ನಾ ಯಾರು ಹೇಳಿ ನೋಡುವ?” ಎಂದು ಆಗ ಕೇಳುವವರಿದ್ದಾರೆ!

ಉತ್ತರಾರ್ಧದ ವೇಷದವರು ಮೊದಲರ್ಧದಲ್ಲಿ ಚೌಕಿಯ ಮೂಲೆಯಲ್ಲೇ ಹೊದ್ದು ಮಲಗಿರುತ್ತಾರೆ. ನಿನ್ನೆ ರಾತ್ರಿಯೂ ಬಣ್ಣ ಹಚ್ಚಿದವರು, ನಾಳೆಯೂ ಹಚ್ಚುವವರು. ಎಬ್ಬಿಸಬೇಡಿ.

ಅದಕ್ಕೇ ಎಲ್ಲಕ್ಕಿಂತ ಒಳ್ಳೆಯ ಹೊತ್ತೆಂದರೆ ವೇಷ ಬಿಚ್ಚಿದ ನಂತರದ ಕಾಲು ಗಂಟೆ. ರಂಗದಿಂದ ಬಂದವರೇ ಬೆವರು ಸುರಿಸುತ್ತ ಕೂತಿರುತ್ತಾರೆ. ಮೊದಲು ಉಸಿರು ತಿರುಗಲಿ, ನೀರು ಕುಡಿಯಲಿ. ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುವಾಗ ಅವರಿಗೂ ಮಾತು ಬೇಕಾಗಿರುತ್ತದೆ. ಒಂದೇ ತೊಡಕು, ಆಗ ಫೋಟೊಕ್ಕೆ ವೇಷ ಇರುವುದಿಲ್ಲ. ವೇಷದ ಜೊತೆಗೇ ಫೋಟೊ ಬೇಕೆಂದರೆ ಸಂಘಟಕರಿಗೆ ಮೊದಲೇ ಹೇಳಿ, ರಂಗದಿಂದ ಇಳಿದ ಕೂಡಲೇ ಎರಡು ನಿಮಿಷ ಕೇಳಿಕೊಳ್ಳಿ. ಇಡೀ ಕುಟುಂಬ ಒಂದೇ ಸಲ ನಿಲ್ಲಬೇಕು. ಒಬ್ಬೊಬ್ಬರದ್ದೂ ಬೇರೆ ಬೇರೆ ಎಂದು ಹೊರಟರೆ ಹಿಂದೆ ಸಾಲು ಹತ್ತುತ್ತದೆ. ಫ್ಲ್ಯಾಶ್ ಬೇಡ. ಹೆಗಲ ಮೇಲೆ ಕೈ ಹಾಕಬೇಡಿ: ಭುಜಕೀರ್ತಿ, ಎದೆಕಟ್ಟು ಹಗುರ ಮರದವು, ಮೇಲೆ ಹೊಳೆಯುವ ಬೇಗಡೆ, ಕನ್ನಡಿ ಚೂರು. ಒತ್ತಿದರೆ ಕಿತ್ತು ಬರುತ್ತವೆ. ಬಿಳಿ ಅಂಗಿಯವರು ಒಂದು ಮೊಳ ದೂರ ನಿಂತರೆ ಕ್ಷೇಮ, ಬಣ್ಣ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ.

ಒಳಗೆ ಗಣಪತಿಯ ಮುಂದೆ ದೀಪ ಉರಿಯುತ್ತಿರುತ್ತದೆ, ಚಪ್ಪಲಿ ಹೊರಗೆ ಬಿಡಿ. ಪೆಟ್ಟಿಗೆಯ ಮೇಲೆ ಕೂರಬೇಡಿ. ಮಕ್ಕಳ ಕೈ ಮೊದಲು ಹೋಗುವುದು ಗೆಜ್ಜೆಗೆ. ಕಲಾವಿದರು ಕಣ್ಣಿಗೊತ್ತಿಕೊಂಡು ಕಟ್ಟುವ ಗೆಜ್ಜೆ ಅದು ಎಂದು ಮನೆಯಲ್ಲೇ ಹೇಳಿಟ್ಟಿರಿ. ರಾಕ್ಷಸ ವೇಷಕ್ಕೆ ಹೆದರುವ ಮಗುವಿಗೆ ಆ ಮುಖ ತಯಾರಾಗುವುದನ್ನು ಬಾಗಿಲ ಬಳಿಯಿಂದಲೇ ಐದು ನಿಮಿಷ ತೋರಿಸಿದರೆ ಹೆದರಿಕೆ ಎಷ್ಟೋ ಇಳಿಯುತ್ತದೆ.

ಏನು ಮಾತಾಡುವುದು? “ಚೊಲೊ ಆತು” ಎಂದಷ್ಟೇ ಹೇಳಿದರೆ ಅವರೂ ನಕ್ಕು ಸುಮ್ಮನಾಗುತ್ತಾರೆ. ಇಂಥ ಪದ್ಯಕ್ಕೆ ಹೀಗೆ ತಿರುಗಿದಿರಲ್ಲ, ಆ ಮಾತು ಎಲ್ಲಿಂದ ಹುಟ್ಟಿತು ಎಂದು ಕೇಳಿ, ಮಾತು ತಾನೇ ಹರಿಯುತ್ತದೆ. ಹೋಲಿಕೆ ಬೇಡ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ಅವರು ತೀರಿಕೊಂಡರು. ಇವತ್ತಿಗೂ “ಚಿಟ್ಟಾಣಿಯವರಷ್ಟು ಆಗ್ಲಿಲ್ಲ” ಎಂದು ಎಳೆಯ ಕಲಾವಿದರ ಮುಖಕ್ಕೇ ಹೇಳುವ ಅಭಿಮಾನಿಗಳಿದ್ದಾರೆ. ಸ್ತ್ರೀವೇಷದವರನ್ನು ಚೇಷ್ಟೆ ಮಾಡುವುದಂತೂ ಅಸಹ್ಯ. ಶಾಲು ಹೊದಿಸುವುದಿದ್ದರೆ ಮೇಳದ ಮ್ಯಾನೇಜರಿಗೆ ಮೊದಲೇ ತಿಳಿಸಿ. ದುಡ್ಡು ಕೊಡುವುದಿದ್ದರೆ ಲಕೋಟೆಯಲ್ಲಿ ಹಾಕಿ ಚೌಕಿಯಲ್ಲೇ ಕೈಗೆ ಕೊಡಿ.

ಮಂಗಳವಾದ ಮೇಲೆ ನೋಡಿಕೊಳ್ಳೋಣ ಎಂದು ಉಳಿಸಿಕೊಳ್ಳಬೇಡಿ. ಆಗ ಚೌಕಿ ತುಂಬ ಪೆಟ್ಟಿಗೆ ಕಟ್ಟುವ ಗಡಿಬಿಡಿ, ಮೇಳದ ಗಾಡಿ ಮುಂದಿನ ಊರಿಗೆ ಹೊರಟು ನಿಂತಿರುತ್ತದೆ. ನಿಮ್ಮ ಗಾಡಿ ಮಾತ್ರ ಹೊರಡುವ ಅವಸರ ಮಾಡಬಾರದು. ಘಟ್ಟ ಹತ್ತಬೇಕಾದವರು ಡ್ರೈವರನ್ನು ಎರಡನೇ ಪ್ರಸಂಗದ ಹೊತ್ತಿಗೇ ಮಲಗಲು ಕಳಿಸಿ. ಅವರೂ ಆಟದ ಹುಚ್ಚಿನವರಾಗಿ ಬೆಳಗಿನವರೆಗೆ ಕೂತಿದ್ದರೆ, ಅಲ್ಲೇ ಎರಡು ತಾಸು ನಿದ್ದೆ ಮಾಡಿ, ಚಾ ಕುಡಿದು ಹೊರಡಿ.